ಟೊಮೆಟೊ ದುಡ್ಡು ಉಳಿದಿದೆ, ಮೊದಲು ಯಾವುದಕ್ಕೆ?

ಪ್ರಶ್ನೆ: ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ಎರಡೂವರೆ ಎಕರೆ ಜಮೀನು, ಒಂದು ಬೋರ್ ಇದೆ. ಈ ಸಲ ಒಂದು ಎಕರೆ ಟೊಮೆಟೊಗೆ ಒಳ್ಳೆ ರೇಟ್ ಸಿಕ್ಕಿತು. ಕೂಲಿ, ಔಷಧಿ ಅಂಗಡಿ ಲೆಕ್ಕ, ಗಾಡಿ ಬಾಡಿಗೆ, ಮಂಡಿ ಕಮಿಷನ್ ಎಲ್ಲ ಕಳೆದು 3,10,000 ರೂಪಾಯಿ ಉಳಿದಿದೆ. ಇಷ್ಟು ದುಡ್ಡು ಒಟ್ಟಿಗೆ ನಮ್ಮ ಮನೆಗೆ ಯಾವತ್ತೂ ಬಂದಿರಲಿಲ್ಲ. ಯಜಮಾನರು ಇನ್ನೊಂದು ಬೋರ್ ಕೊರೆಸೋಣ ಅಂತಾರೆ. ಮಗಳ ಮದುವೆಗೆ ಈಗಲೇ ಚಿನ್ನ ತಗೊಂಡಿಡಿ ಅಂತ ಅತ್ತೆ ಹೇಳ್ತಾರೆ. ಮಗನಿಗೆ ಬೈಕ್ ಬೇಕು. ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ಹಾಕಿದರೆ ಲಕ್ಷಕ್ಕೆ ತಿಂಗಳಿಗೆ ಐದು ಸಾವಿರ ಕೊಡ್ತಾರೆ ಅನ್ನೋದು ಮೈದುನನ ಮಾತು. ಸೊಸೈಟಿಯಲ್ಲಿ 80,000 ಬೆಳೆ ಸಾಲ ಇದೆ. ಊರಿನವರ ಹತ್ತಿರ 60,000 ಕೈಸಾಲ, ನೂರಕ್ಕೆ ಮೂರು ರೂಪಾಯಿ ಬಡ್ಡಿ. ನನ್ನ ಸರ, ಬಳೆ ಗಿರವಿ ಅಂಗಡಿಯಲ್ಲಿ 80,000ಕ್ಕೆ ಇದೆ, ನೂರಕ್ಕೆ ಎರಡು. ಎಂಟು ತಿಂಗಳಿಂದ ಅದರ ಬಡ್ಡಿ ಕಟ್ಟಿಲ್ಲ. ಮಗಳು ದ್ವಿತೀಯ ಪಿಯುಸಿ, ನರ್ಸಿಂಗ್ ಓದಬೇಕು ಅಂತಾಳೆ. ಮಿಕ್ಸಿ ಕೆಟ್ಟು ವರ್ಷವಾಯಿತು, ಅದು ಬಿಡಿ. ಮೊದಲು ಸೊಸೈಟಿ ಸಾಲ ತೀರಿಸಿಬಿಡಲಾ? ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಷ್ಟು ಚೊಕ್ಕವಾಗಿ ಲೆಕ್ಕ ಬರೆದು ಕಳಿಸುವವರು ಕಡಿಮೆ. ಬಹಳ ಜನ ಎಷ್ಟು ಬಂತು ಅಂತ ಬರೆಯುತ್ತಾರೆ, ಎಷ್ಟು ಕೊಡಬೇಕು ಅಂತ ಬರೆಯುವುದಿಲ್ಲ. ನೀವು ಬಡ್ಡಿ ಸಮೇತ ಬರೆದಿದ್ದೀರಿ. ಅದರಿಂದಲೇ ನಿಮಗೆ ನೇರವಾಗಿ ಉತ್ತರ ಹೇಳಲು ಸಾಧ್ಯವಾಗುತ್ತಿದೆ.

ಮೊದಲು ಒಂದು ಮಾತು. ಹದಿನೈದು ದಿನ ಈ ದುಡ್ಡನ್ನು ಬ್ಯಾಂಕ್ ಖಾತೆಯಿಂದ ಕದಲಿಸಬೇಡಿ. ಮಂಡಿಯಿಂದ ನಗದು ತಂದಿದ್ದರೆ ನಾಳೆಯೇ ಹೋಗಿ ಖಾತೆಗೆ ಹಾಕಿ. ಪಾನ್ ಕಾರ್ಡ್ ಜೊತೆಗಿರಲಿ. ಮಂಡಿಯವರು ಕೊಟ್ಟ ಪಟ್ಟಿಗಳನ್ನು ಒಂದು ಕವರಿನಲ್ಲಿ ಜೋಪಾನವಾಗಿಡಿ. ಬೆಳೆ ಮಾರಿ ಬಂದ ದುಡ್ಡಿಗೆ ಆದಾಯ ತೆರಿಗೆ ಇಲ್ಲ. ಆದರೆ ಇದು ಬೆಳೆಯ ದುಡ್ಡೇ ಅಂತ ತೋರಿಸಲು ಆ ಪಟ್ಟಿಗಳೇ ಆಧಾರ. ಮನೆಯಲ್ಲಿ ನಗದು ಇದ್ದರೆ ಏನಾಗುತ್ತೆ ಅಂತ ನಿಮಗೇ ಗೊತ್ತು. ಇವರಿಗೆ ಹತ್ತು ಸಾವಿರ, ಅವರಿಗೆ ಐದು ಸಾವಿರ, ವಾರದಲ್ಲಿ ಕೊಡ್ತೀನಿ ಅನ್ನುವವರು ನಾಲ್ಕು ಜನ. ಇಲ್ಲ ಅನ್ನೋಕೆ ಬಾಯಿ ಬರಲ್ಲ. ಬ್ಯಾಂಕಿನಲ್ಲಿದೆ ಅನ್ನೋಕೆ ಬರುತ್ತೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಸೊಸೈಟಿ ಸಾಲ ಮೊದಲು ತೀರಿಸಬೇಡಿ. ನಿಮ್ಮ ಮೂರು ಸಾಲಗಳಲ್ಲಿ ಅದು ಕೊನೆಯದು. ಯಾಕೆ ಅಂತ ಹೇಳುತ್ತೇನೆ.

ನಾನು ಕೋಲಾರ ಜಿಲ್ಲೆಯ ಬ್ಯಾಂಕ್ ಶಾಖೆಗಳಲ್ಲಿ 24 ವರ್ಷ ಕೆಲಸ ಮಾಡಿದ್ದೇನೆ. ಅಷ್ಟೂ ವರ್ಷ ಒಂದೇ ತಪ್ಪನ್ನು ಮತ್ತೆ ಮತ್ತೆ ನೋಡಿದೆ. ಸಾಲ ಅಂದರೆ ಜನ ಮೊತ್ತ ನೋಡುತ್ತಾರೆ, ಬಡ್ಡಿ ನೋಡುವುದಿಲ್ಲ. ಇಲ್ಲವೇ ಯಾವ ಸಾಲಕ್ಕೆ ನೋಟಿಸ್ ಬರುತ್ತೋ ಅದಕ್ಕೆ ಹೆದರಿ ಅದನ್ನು ಮೊದಲು ಕಟ್ಟುತ್ತಾರೆ. ಕೈಸಾಲ ಕೊಟ್ಟವರು ನೋಟಿಸ್ ಕಳಿಸಲ್ಲ. ದಾರಿಯಲ್ಲಿ ಸಿಕ್ಕಾಗ ನಗುತ್ತಾರೆ. ಅದಕ್ಕೇ ಆ ಸಾಲ ವರ್ಷಗಟ್ಟಲೆ ಹಾಗೇ ಕೂತಿರುತ್ತದೆ.

ನೂರಕ್ಕೆ ಮೂರು ರೂಪಾಯಿ ಅಂದರೆ ಕಿವಿಗೆ ಬಹಳ ಚಿಕ್ಕದು. ಅದು ತಿಂಗಳಿಗೆ. ವರ್ಷಕ್ಕೆ ನೂರಕ್ಕೆ 36 ಆಯಿತು. ನಿಮ್ಮ 60,000ಕ್ಕೆ ತಿಂಗಳಿಗೆ 1,800, ವರ್ಷಕ್ಕೆ 21,600. ಗಿರವಿಯ 80,000ಕ್ಕೆ ತಿಂಗಳಿಗೆ 1,600, ವರ್ಷಕ್ಕೆ 19,200. ಎರಡೂ ಸೇರಿ ವರ್ಷಕ್ಕೆ 40,800 ರೂಪಾಯಿ. ಮಳೆ ಬರಲಿ ಬರದಿರಲಿ, ಟೊಮೆಟೊಗೆ ರೇಟ್ ಇರಲಿ ಇಲ್ಲದಿರಲಿ, ಅಷ್ಟು ದುಡ್ಡು ನಿಮ್ಮ ಮನೆಯಿಂದ ಹೊರಗೆ ಹೋಗುತ್ತಲೇ ಇದೆ. ಗಿರವಿಯದ್ದನ್ನು ನೀವು ಈಗ ಕಟ್ಟುತ್ತಿಲ್ಲ, ಆದರೆ ಅದು ಬೆಳೆಯುವುದನ್ನು ನಿಲ್ಲಿಸಿಲ್ಲ.

ಇದೇ 1,40,000 ರೂಪಾಯಿಯನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ, ನೂರಕ್ಕೆ 7ರಂತೆ ಹಿಡಿದರೂ ವರ್ಷಕ್ಕೆ 9,800 ಬರಬಹುದು. ಅಷ್ಟೇ. ಹಾಗಾಗಿ ಸಾಲ ಇಟ್ಟುಕೊಂಡು ಠೇವಣಿ ಮಾಡುವುದೂ ನಷ್ಟವೇ. ನಿಮಗೆ ಈಗ ಸಿಗಬಹುದಾದ ಅತಿ ಹೆಚ್ಚಿನ ಲಾಭ ಯಾವ ಸ್ಕೀಮಿನಲ್ಲೂ ಇಲ್ಲ. ಆ ಎರಡು ಸಾಲ ತೀರಿಸುವುದರಲ್ಲಿದೆ.

ಸೊಸೈಟಿ ಸಾಲದ ಕಥೆಯೇ ಬೇರೆ. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಬೆಳೆ ಸಾಲಕ್ಕೆ, ಗಡುವಿನೊಳಗೆ ಕಟ್ಟಿದರೆ, ರೈತರಿಗೆ ಬಡ್ಡಿ ಬೀಳುವುದಿಲ್ಲ. 2023ರಲ್ಲಿ ಆ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಬಡ್ಡಿ ಇಲ್ಲದ ಸಾಲವನ್ನು ಅವಸರ ಮಾಡಿ ತೀರಿಸಿ, ನೂರಕ್ಕೆ ಮೂರರ ಸಾಲವನ್ನು ಹಾಗೇ ಬಿಟ್ಟರೆ ಏನು ಬಂತು ಹೇಳಿ? ಆದರೆ ಗಡುವು ತಪ್ಪಿದರೆ ಬಡ್ಡಿ ಶುರುವಾಗುತ್ತೆ. ಆದ್ದರಿಂದ ನಾಳೆ ಸೊಸೈಟಿಗೆ ಹೋಗಿ ಕಾರ್ಯದರ್ಶಿಯನ್ನು ಕೇಳಿ, ಗಡುವಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಡಿ.

ಈಗ ಅತ್ತೆಯವರ ಚಿನ್ನದ ಮಾತು. ಅವರು ಹೇಳುವುದು ಸರಿ. ಮನೆಯಲ್ಲಿ ಚಿನ್ನ ಇರಬೇಕು. ಆದರೆ ಅಂಗಡಿಯಿಂದ ಹೊಸ ಚಿನ್ನ ತರುವ ಮೊದಲು ಗಿರವಿಯಲ್ಲಿರುವ ನಿಮ್ಮ ಚಿನ್ನವನ್ನು ಮನೆಗೆ ತನ್ನಿ. ಹೊಸ ಸರ ಕೊಂಡರೆ ಚಿನ್ನದ ಬೆಲೆ ಜೊತೆಗೆ ಮಜೂರಿ, ವೇಸ್ಟೇಜ್, ಮೇಲೆ ಜಿಎಸ್‌ಟಿ. ನಾಳೆ ಮಾರಲು ಹೋದರೆ ಆ ಮಜೂರಿ ವಾಪಸ್ ಬರಲ್ಲ. ನಿಮ್ಮದೇ ಸರ ಬಿಡಿಸಿಕೊಳ್ಳೋಕೆ ಮಜೂರಿ ಇಲ್ಲ, ಜಿಎಸ್‌ಟಿ ಇಲ್ಲ. ಗಿರವಿ ಅಂಗಡಿಯವರು ಯಾವತ್ತೂ ಒಡವೆಯ ಪೂರ್ತಿ ಬೆಲೆಗೆ ಸಾಲ ಕೊಡುವುದಿಲ್ಲ. ಅಂದರೆ 80,000 ಮತ್ತು ಬಡ್ಡಿ ಕಟ್ಟಿದರೆ ಅದಕ್ಕಿಂತ ಎಷ್ಟೋ ಜಾಸ್ತಿ ಬೆಲೆಯ ಚಿನ್ನ ಮನೆಗೆ ಬರುತ್ತೆ. ಬಡ್ಡಿ ಹೀಗೇ ಬೆಳೆದು ಒಂದು ದಿನ ಅದು ಕೈತಪ್ಪಿ ಹೋದರೆ ಅಷ್ಟೂ ನಷ್ಟ. ಇದನ್ನು ಅತ್ತೆಯವರಿಗೆ ಹೀಗೇ ಹೇಳಿ. ಅವರಿಗೆ ಅರ್ಥವಾಗುತ್ತೆ. ಒಡವೆ ಗಿರವಿಗೆ ಹೋದ ನೋವು ಆ ವಯಸ್ಸಿನ ಹೆಣ್ಣುಮಕ್ಕಳಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲ್ಲ.

ನಮ್ಮ ಶಾಖೆಯಲ್ಲಿ ಒಂದು ಸಲ ಒಬ್ಬ ತಾಯಿ ಒಡವೆ ಬಿಡಿಸಲು ಬಂದಿದ್ದರು. ಮೂರು ವರ್ಷ ರಿನ್ಯೂವಲ್ ಮಾಡಿಸಿ ಮಾಡಿಸಿ ಇಟ್ಟ ಸರ. ನಾನು ಅವರ ಎದುರಿಗೇ ಪೊಟ್ಟಣದ ಸೀಲ್ ಕತ್ತರಿಸಿ ಟೇಬಲ್ ಮೇಲೆ ಸುರಿದೆ. ಅವರು ಸರವನ್ನು ತಕ್ಷಣ ಹಾಕಿಕೊಳ್ಳಲಿಲ್ಲ. ಅಂಗೈ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ತೂಗಿ ನೋಡುತ್ತಾ ನಿಂತರು. ಆಮೇಲೆ ಕೊಕ್ಕೆಯ ಹತ್ತಿರ ಒಂದು ಗುಂಡು ಸೊಟ್ಟಗಾಗಿದ್ದನ್ನು ಬೆರಳಿನಿಂದ ಸವರಿ, "ಇದು ನಂದೇ" ಅಂದರು. ಅವತ್ತಿನಿಂದ ನನಗೆ ಚಿನ್ನದ ಸಾಲ ಬರೀ ಗ್ರಾಮಿನ ಲೆಕ್ಕವಾಗಿ ಕಾಣಲಿಲ್ಲ.

ಮುಂದೆ ಎಂದಾದರೂ ಮತ್ತೆ ಒಡವೆ ಇಡಲೇಬೇಕಾದ ಕಾಲ ಬಂದರೆ ಗಿರವಿ ಅಂಗಡಿಗೆ ಹೋಗಬೇಡಿ. ಪಹಣಿ ತಗೊಂಡು ಬ್ಯಾಂಕಿಗೆ ಹೋಗಿ. ಕೃಷಿಗೆ ಅಂತ ಚಿನ್ನದ ಮೇಲೆ ಕೊಡುವ ಸಾಲಕ್ಕೆ ಅಲ್ಲಿ ಬಡ್ಡಿ ಗಿರವಿ ಅಂಗಡಿಯ ಅರ್ಧವೂ ಆಗುವುದಿಲ್ಲ.

ಯಜಮಾನರ ಬೋರ್ ವಿಷಯ ನಿಧಾನವಾಗಿ ಮಾತಾಡಬೇಕು. ಅವರ ಆಸೆಯನ್ನು ಹಗುರವಾಗಿ ತಗೊಳ್ಳಬೇಡಿ. ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಒಂದು ನದಿ ಇಲ್ಲ. ರೈತ ನೀರಿನ ಕನಸು ಕಾಣದೆ ಇನ್ನೇನು ಕಾಣಬೇಕು?

ನಮ್ಮಪ್ಪನೂ ಅದೇ ಕನಸು ಕಂಡರು. ನಾನಾಗ ಏಳನೇ ಕ್ಲಾಸು. ರೇಷ್ಮೆ ಗೂಡಿಗೆ ಒಳ್ಳೆ ರೇಟ್ ಸಿಕ್ಕಿದ ವರ್ಷ. ತೆಂಗಿನಕಾಯಿ ಹಿಡಿದು ನೀರಿನ ಪಾಯಿಂಟ್ ನೋಡುವವರು ಬಂದರು. ಕಾಯಿ ಎದ್ದು ನಿಂತಿತು ಅಂದರು. ರಾತ್ರಿ ಹತ್ತಕ್ಕೆ ಗಾಡಿ ಬಂತು. ಅಮ್ಮ ಅರಿಶಿನ ಕುಂಕುಮ ಹಾಕಿ ಪೂಜೆ ಮಾಡಿದಳು. ರಾತ್ರಿಯೆಲ್ಲ ನಾವು ಮಕ್ಕಳು ಕಂಬಳಿ ಹೊದ್ದು ಬದುವಿನ ಮೇಲೆ ಕೂತಿದ್ದೆವು. ಪ್ರತಿ ಪೈಪ್ ಇಳಿದಾಗಲೂ ಅಪ್ಪ ಹೋಗಿ ಪುಡಿಯನ್ನು ಕೈಯಲ್ಲಿ ಹಿಡಿದು ತೇವ ಇದೆಯಾ ಅಂತ ನೋಡುತ್ತಿದ್ದರು. ಬೆಳಗಾದಾಗ ಹಿಪ್ಪುನೇರಳೆ ತೋಟದ ಎಲೆಗಳ ಮೇಲೆಲ್ಲ ಬಿಳಿ ಕಲ್ಲಿನ ಪುಡಿ. ಒಂದು ಹನಿ ನೀರಿಲ್ಲ. ಇಷ್ಟು ಹಾಕಿದ್ದೀವಿ, ಇನ್ನೊಂದು ಪಾಯಿಂಟ್ ನೋಡೋಣ ಅಂತ ಸಾಲ ಮಾಡಿ ವಾರದಲ್ಲೇ ಎರಡನೆಯದನ್ನು ಕೊರೆಸಿದರು. ಅದೂ ಫೇಲ್. ಗೂಡಿನ ದುಡ್ಡು ಒಂದು ರಾತ್ರಿಗೆ ಹೋಯಿತು. ಎರಡನೇ ಬೋರಿನ ಸಾಲ ನಾನು ಕೆಲಸಕ್ಕೆ ಸೇರುವವರೆಗೂ ಇತ್ತು.

ಆಗ ಅದು ನಾನೂರು ಅಡಿಯ ಮಾತು. ಈಗ ನಮ್ಮ ಕಡೆ ಸಾವಿರ ಅಡಿ ದಾಟಿ ಹೋಗುವುದು ಮಾಮೂಲಿ. ಕೆಳಗೆ ಹೋದ ಹಾಗೆ ಅಡಿಗೆ ರೇಟೂ ಏರುತ್ತೆ. ಕೊರೆಯುವ ಖರ್ಚು, ಕೇಸಿಂಗ್, ಪೈಪ್, ಕೇಬಲ್, ಮೋಟರ್ ಎಲ್ಲ ಸೇರಿಸಿದರೆ ನಿಮ್ಮ ಮೂರು ಲಕ್ಷ ಸಾಲದೆ ಹೋಗಬಹುದು. ನೀರು ಬಂದರೂ ಸಾಲ, ಬರದಿದ್ದರೂ ಸಾಲ. ಅಂತರ್ಜಲ ಅತಿಯಾಗಿ ಬಳಕೆಯಾದ ಪ್ರದೇಶ ಅಂತ ಸರ್ಕಾರವೇ ಗುರುತಿಸಿರುವ ಜಿಲ್ಲೆ ನಮ್ಮದು. ಹೊಸ ಬೋರಿಗೆ ಅನುಮತಿ ಕೂಡ ಬೇಕು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಆ ಕೆರೆಗಳ ಸುತ್ತಮುತ್ತ ಬೋರುಗಳಲ್ಲಿ ನೀರು ಮೇಲೆ ಬಂದಿರುವುದನ್ನು ನೋಡಿದ್ದೇನೆ. ನಿಮ್ಮ ಊರ ಕೆರೆ ಆ ಸಾಲಿನಲ್ಲಿ ಇಲ್ಲದಿದ್ದರೆ ಪಕ್ಕದ ಊರಿನವರ ಬೋರ್ ನೋಡಿ ಆಸೆಪಡಬೇಡಿ.

ಇರುವ ಬೋರಿನ ನೀರನ್ನೇ ಹಿಡಿದಿಡುವ ದಾರಿ ಇದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ದಿನಕ್ಕೆ ಏಳು ಗಂಟೆ. ಅದೂ ಹಗಲಿಗೊಂದಿಷ್ಟು, ರಾತ್ರಿಗೊಂದಿಷ್ಟು. ರಾತ್ರಿ ಬಂದ ನೀರು ನಿದ್ದೆಗಣ್ಣಿನಲ್ಲಿ ಹೊಲಕ್ಕೆ ಹರಿದು ಜಾಸ್ತಿಯೇ ಆಗಿಬಿಡುತ್ತೆ. ತಾಡಪಾಲು ಹಾಸಿದ ಕೃಷಿ ಹೊಂಡ ಇದ್ದರೆ ರಾತ್ರಿ ಅದಕ್ಕೆ ತುಂಬಿಸಿ, ಬೆಳಿಗ್ಗೆ ಡ್ರಿಪ್ಪಿನಲ್ಲಿ ಬಿಡಬಹುದು. ಹೊಂಡಕ್ಕೂ ಡ್ರಿಪ್ಪಿಗೂ ಸಹಾಯಧನ ಸಿಗುತ್ತೆ. ಪಹಣಿ, ಆಧಾರ್, ಎಫ್‌ಐಡಿ (ರೈತರ ಗುರುತಿನ) ನಂಬರ್ ತಗೊಂಡು ಹೊಂಡಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ, ಡ್ರಿಪ್ಪಿಗೆ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಯಜಮಾನರನ್ನೇ ಕಳಿಸಿ. "ಬೋರ್ ಬೇಡ" ಅನ್ನುವ ಬದಲು "ನೀರಿಗೆ ಏನು ಮಾಡಬಹುದು ನೋಡ್ಕೊಂಡು ಬನ್ನಿ" ಅಂದರೆ ಮನೆಯಲ್ಲಿ ಜಗಳ ಇರಲ್ಲ.

ಬೋರಿನ ಆಸೆಯ ಹಿಂದೆ ಇನ್ನೊಂದು ಲೆಕ್ಕ ಇರುತ್ತೆ. ಈ ಸಲ ಒಂದು ಎಕರೆಗೆ ಇಷ್ಟು, ಮುಂದಿನ ಸಲ ಎರಡು ಎಕರೆ ಹಾಕಿದರೆ ಅದರ ಎರಡರಷ್ಟು ಅಂತ. 2023 ನೆನಪಿದೆ ಅಲ್ವಾ? ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿತ್ತು. ಟೊಮೆಟೊ ಕಳ್ಳತನ ಆಗುತ್ತೆ ಅಂತ ರಾತ್ರಿ ತೋಟ ಕಾದರು. ಆ ರೇಟ್ ನೋಡಿ ಎಲ್ಲರೂ ನಾಟಿ ಮಾಡಿದರು. ನಾಟಿಯಿಂದ ಕೊಯ್ಲಿಗೆ ಎರಡು, ಎರಡೂವರೆ ತಿಂಗಳು. ಸೆಪ್ಟೆಂಬರ್ ಬರುವಷ್ಟರಲ್ಲಿ ಎಲ್ಲರ ಹಣ್ಣೂ ಒಟ್ಟಿಗೆ ಬಂತು, ರೇಟ್ ಕುಸಿದು ಬಿತ್ತು. ಮುಂದಿನ ಬೆಳೆಯ ದುಡ್ಡನ್ನು ಈಗಲೇ ಲೆಕ್ಕಕ್ಕೆ ಹಿಡಿಯಬೇಡಿ. ಇನ್ನೂ ಬಾರದ ಆ ದುಡ್ಡನ್ನು ನಂಬಿ ಒಂದು ರೂಪಾಯಿ ಸಾಲವನ್ನೂ ಮಾಡಬೇಡಿ.

ಮೈದುನನ ಸ್ಕೀಮ್ ಬೇಡ. ಈ ಮಾತಿನಲ್ಲಿ ನನಗೆ ಅನುಮಾನವೇ ಇಲ್ಲ. ಲಕ್ಷಕ್ಕೆ ತಿಂಗಳಿಗೆ ಐದು ಸಾವಿರ ಅಂದರೆ ವರ್ಷಕ್ಕೆ ಅರವತ್ತು ಸಾವಿರ. ನಿಜವಾಗಿ ಅಷ್ಟು ಲಾಭ ಬರುವ ವ್ಯಾಪಾರ ಇದ್ದರೆ ಆ ಮನುಷ್ಯ ಬ್ಯಾಂಕಿನಲ್ಲಿ ವರ್ಷಕ್ಕೆ ನೂರಕ್ಕೆ ಹದಿನೈದಕ್ಕೆ ಸಾಲ ತಗೊಂಡು ಉಳಿದದ್ದನ್ನು ತಾನೇ ಇಟ್ಟುಕೊಳ್ಳುತ್ತಿದ್ದ. ಮುಳಬಾಗಿಲಿನ ರೈತರ ದುಡ್ಡು ಅವನಿಗೆ ಯಾಕೆ ಬೇಕು? ಮೊದಲ ನಾಲ್ಕೈದು ತಿಂಗಳು ಸರಿಯಾಗಿ ಕೊಡುತ್ತಾರೆ. ಅದು ಮೊದಲು ಹಾಕಿದವರಿಗೆ ಆಮೇಲೆ ಹಾಕಿದವರ ದುಡ್ಡು. ಹೀಗೆ ಅನುಮತಿ ಇಲ್ಲದೆ ಠೇವಣಿ ಸಂಗ್ರಹಿಸುವುದನ್ನು 2019ರ ಕಾನೂನು ನಿಷೇಧಿಸಿದೆ. ಕಾನೂನು ಇದ್ದರೂ ಹೋದ ದುಡ್ಡು ವಾಪಸ್ ಬರುವುದು ಬಹಳ ಕಷ್ಟ. ಮೈದುನ ಈಗಾಗಲೇ ಹಾಕಿದ್ದರೆ ಅಸಲು ಹೊರಗೆ ತೆಗೆಯಲು ಈಗಲೇ ಹೇಳಿ. ಬ್ಯಾಂಕಿನಲ್ಲಾದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿಗೆ ವಿಮೆ ಇದೆ. ನಿಮ್ಮ ಪೂರ್ತಿ ದುಡ್ಡು ಅದರೊಳಗೇ ಬರುತ್ತೆ.

ಬೈಕ್ ಈಗ ಬೇಡ. ಮೂವತ್ತು ಸಾವಿರ ಮುಂಗಡ ಕಟ್ಟಿದರೆ ಆಮೇಲೆ ಮೂರು ವರ್ಷ ಕಂತು. ಮಗ ಸಂಪಾದನೆ ಶುರು ಮಾಡಿದಾಗ ಕಂತು ಅವನ ಹೆಸರಿಗೇ ಇರಲಿ.

ಈಗ ಲೆಕ್ಕ ಹಾಕೋಣ. ಕೈಸಾಲ 60,000. ಗಿರವಿ 80,000, ಎಂಟು ತಿಂಗಳ ಬಡ್ಡಿ 12,800. ಒಟ್ಟು 1,52,800. ನಿಮ್ಮ ಹತ್ತಿರ 1,57,200 ಉಳಿಯುತ್ತದೆ.

ಅದರಲ್ಲಿ 80,000 ಮುಂದಿನ ಬೆಳೆಗೆ. ಇಲ್ಲೊಂದು ಅನುಕೂಲ ಇದೆ. ಈ 80,000ವನ್ನು ಸೊಸೈಟಿ ಗಡುವಿನವರೆಗೆ ಬ್ಯಾಂಕಿನಲ್ಲಿ ಸಣ್ಣ ಅವಧಿಯ ಠೇವಣಿ ಇಡಿ. ಗಡುವಿಗೆ ಒಂದು ವಾರ ಮುಂಚೆ ತೆಗೆದು ಸೊಸೈಟಿ ಸಾಲ ಕಟ್ಟಿ. ರಿನ್ಯೂವಲ್ ಆದ ಮೇಲೆ ಅದೇ ದುಡ್ಡು ಬಡ್ಡಿ ಇಲ್ಲದ ಹೊಸ ಸಾಲವಾಗಿ ವಾಪಸ್ ಬರುತ್ತೆ. ಅದನ್ನು ಬೆಳೆಗೆ ಹಾಕಿ. ರಿನ್ಯೂವಲ್‌ಗೆ ಎಷ್ಟು ದಿನ ಹಿಡಿಯುತ್ತೆ ಅಂತ ಮೊದಲೇ ಕೇಳಿಕೊಂಡು ನಾಟಿಯ ದಿನ ಇಟ್ಟುಕೊಳ್ಳಿ. ಕೈಯಲ್ಲಿ ದುಡ್ಡು ಇಟ್ಟುಕೊಂಡು ಔಷಧಿ ಅಂಗಡಿಗೆ ಹೋಗುವುದೇ ಬೇರೆ. ಸಾಲದ ಗಿರಾಕಿಗೆ ಅಂಗಡಿಯವರು ಕೊಟ್ಟಿದ್ದೇ ಔಷಧಿ, ಹೇಳಿದ್ದೇ ರೇಟ್. ಮಂಡಿಯಲ್ಲೂ ಅಷ್ಟೇ. ಅಡ್ವಾನ್ಸ್ ತಗೊಂಡಿದ್ದರೆ ಅದೇ ಮಂಡಿಗೆ ಹಾಕಬೇಕು. ತಗೊಳ್ಳದಿದ್ದರೆ ಇವತ್ತು ವಡ್ಡಹಳ್ಳಿ ಚೆನ್ನಾಗಿದ್ದರೆ ವಡ್ಡಹಳ್ಳಿ, ಕೋಲಾರ ಚೆನ್ನಾಗಿದ್ದರೆ ಕೋಲಾರ.

ಮಗಳ ಕಾಲೇಜಿಗೆ 40,000 ಬೇರೆಯಾಗಿ ಇಡಿ, ಅಡ್ಮಿಷನ್ ತಿಂಗಳಿಗೆ ಕೈಗೆ ಬರುವ ಹಾಗೆ. ನರ್ಸಿಂಗ್ ಕಾಲೇಜಿಗೆ ದುಡ್ಡು ಕಟ್ಟುವ ಮೊದಲು ಅದಕ್ಕೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ ಅಂತ ಖಂಡಿತ ನೋಡಿ. ಸರ್ಕಾರಿ ಸೀಟಿಗೆ ಮೊದಲು ಪ್ರಯತ್ನ ಮಾಡಲಿ. ಅತ್ತೆ ಮದುವೆಯ ಮಾತು ತೆಗೆದರೆ, ಈ ನಲವತ್ತು ಸಾವಿರವೂ ಅವಳ ಒಡವೆಯೇ ಅಂತ ಹೇಳಿ.

ಇನ್ನು 25,000 ಆಸ್ಪತ್ರೆ, ಮೋಟರ್ ಸುಡುವುದು, ಇಂಥದ್ದಕ್ಕೆ. ಇದು ಇಲ್ಲದಿದ್ದರಿಂದಲೇ ನೀವು ಹಿಂದೆ ನೂರಕ್ಕೆ ಮೂರಕ್ಕೆ ಹೋಗಿರುತ್ತೀರಿ. ಈ ದುಡ್ಡು ಮುಟ್ಟಿದರೆ ಮುಂದಿನ ಡೇರಿ ಬಟವಾಡೆಯಿಂದಲೋ, ಗೃಹಲಕ್ಷ್ಮಿ ದುಡ್ಡಿನಿಂದಲೋ ಮತ್ತೆ ತುಂಬಿಸಿ.

ನಿಮ್ಮಿಬ್ಬರ ಖಾತೆಯಿಂದ ಎರಡು ವಿಮೆ ಮಾಡಿಸಿ. ಅಪಘಾತ ವಿಮೆಗೆ ವರ್ಷಕ್ಕೆ 20 ರೂಪಾಯಿ, ಜೀವನ ಜ್ಯೋತಿ ಅನ್ನುವ ಜೀವ ವಿಮೆಗೆ 436. ಎರಡರಲ್ಲೂ 2 ಲಕ್ಷ. ಜೀವನ ಜ್ಯೋತಿಗೆ ಸೇರಲು ವಯಸ್ಸು 50 ದಾಟಿರಬಾರದು. ಇಬ್ಬರಿಗೂ ಸೇರಿ 912. ಬ್ಯಾಂಕಿನಲ್ಲಿ ಒಂದು ಫಾರಂ, ಅಷ್ಟೇ ಕೆಲಸ. ಸೊಸೈಟಿ ಸದಸ್ಯರಾಗಿರುವುದರಿಂದ ಯಶಸ್ವಿನಿ ಆರೋಗ್ಯ ಯೋಜನೆಯ ನೋಂದಣಿ ಯಾವಾಗ ಅಂತಲೂ ಕೇಳಿಟ್ಟುಕೊಳ್ಳಿ.

ಇಷ್ಟೆಲ್ಲ ಆದ ಮೇಲೆ ಹನ್ನೊಂದು ಸಾವಿರದ ಚಿಲ್ಲರೆ ಉಳಿಯುತ್ತೆ. ಇದನ್ನು ಖರ್ಚು ಮಾಡಿ. ಕುರುಡುಮಲೆ ಗಣಪತಿಗೆ ಹರಕೆ ಇದ್ದರೆ ತೀರಿಸಿ. ಮನೆಯವರೆಲ್ಲ ಹೋಗಿ ಬನ್ನಿ. ಮಗನಿಗೆ ಒಂದು ಒಳ್ಳೆ ಶರ್ಟು ಕೊಡಿಸಿ. ಬೆಳೆಗೆ ದುಡಿದವರು ಅದರ ಸಂತೋಷವನ್ನೂ ಕಾಣಬೇಕು.

ಸಾಲ ತೀರಿಸಲು ಹೋಗುವ ದಿನ ಯಜಮಾನರೂ ಜೊತೆಗಿರಲಿ. ಕೈಸಾಲ ಕೊಟ್ಟವರಿಂದ ನೀವು ಬರೆದುಕೊಟ್ಟ ಪ್ರಾಮಿಸರಿ ನೋಟು, ಖಾಲಿ ಚೆಕ್ ಏನಾದರೂ ಕೊಟ್ಟಿದ್ದರೆ ಅದು, ಎಲ್ಲ ಕೈಗೆ ಬಂದ ಮೇಲೆ ದುಡ್ಡು ಎಣಿಸಿ ಕೊಡಿ. "ಆಮೇಲೆ ಹುಡುಕಿ ಕೊಡ್ತೀನಿ" ಅಂದರೆ ನೀವೂ ಆಮೇಲೆ ಬನ್ನಿ. ಪೂರ್ತಿ ಮುಟ್ಟಿದೆ ಅಂತ ಒಂದು ಸಾಲು ಬರೆಸಿ, ಸಹಿ ಹಾಕಿಸಿ. ಗಿರವಿ ಅಂಗಡಿಗೆ ಹೋಗುವಾಗ ಚೀಟಿ ತಗೊಂಡು ಹೋಗಿ. ಬಡ್ಡಿ ಲೆಕ್ಕವನ್ನು ಮೊದಲೇ ಪೇಪರ್ ಮೇಲೆ ಬರೆದುಕೊಂಡಿರಿ, ಅವರು ಹೇಳಿದ ಲೆಕ್ಕಕ್ಕೆ ತಾಳೆ ನೋಡಿ. ಒಡವೆಯನ್ನು ಅಲ್ಲೇ, ನಿಮ್ಮ ಕಣ್ಣೆದುರಿಗೆ ತೂಕ ಹಾಕಿಸಿ. ಚೀಟಿಯಲ್ಲಿರುವ ತೂಕವೇ ಬರಬೇಕು. ಸರದ ಗುಂಡು, ಬಳೆಯ ತಿರುಪು ನೋಡಿಕೊಳ್ಳಿ.

ಅಲ್ಲಿಂದ ಬರುವಾಗ ದಾರಿಯಲ್ಲೇ ಮಿಕ್ಸಿ ತಗೊಂಡು ಬನ್ನಿ. ಇಷ್ಟು ದೊಡ್ಡ ಪತ್ರದಲ್ಲಿ ನಿಮಗಾಗಿ ಕೇಳಿದ್ದು ಅದೊಂದೇ, ಅದನ್ನೂ "ಅದು ಬಿಡಿ" ಅಂದಿದ್ದೀರಿ. ಒಂದು ವರ್ಷದಿಂದ ಒರಳಿನಲ್ಲಿ ರುಬ್ಬುತ್ತಿದ್ದೀರಿ. ಅದು ಈ ಲೆಕ್ಕದೊಳಗೇ ಬರುತ್ತೆ.